ಸೇತುವೆಯ ನಡುಗೆರೆ

ಮಾರ್ಚ್ 6

ಪುಟ್ಟೀ,

ನಿನ್ನ ಅಮ್ಮ ಮನೆಯಲ್ಲಿ ಹೊಸ ಕಾನೂನು ಹೊರಡಿಸಿದ್ದಾಳೆ. ಇನ್ನು ಮುಂದೆ ಫೋನಿನಲ್ಲಿ ಆರೋಗ್ಯದ ಮಾತು ಮಾತ್ರ. ರಾಜ್ಯ, ಕೇಂದ್ರ, ಒಕ್ಕೂಟ ಅಂತ ನಾನಾಗಲಿ ನೀನಾಗಲಿ ಬಾಯಿ ಬಿಟ್ಟರೆ ಫೋನು ಕಿತ್ತುಕೊಳ್ಳುತ್ತಾಳಂತೆ. "ಅಪ್ಪ ಮಗಳಿಗೆ ಕಿತ್ತಾಡ್ಲೇಬೇಕು ಅಂದ್ರೆ ಕಾಗದ ಬರ್ಕೊಳ್ಳಿ. ಬರೆಯೋಷ್ಟರಲ್ಲಿ ಸಿಟ್ಟೂ ಇಳಿಯುತ್ತೆ, ನನ್ನ ತಲೆನೋವೂ ಇಳಿಯುತ್ತೆ" ಅಂದಳು. ಹೋದ ಸಲ ನೀನು ಬಂದಾಗ ಊಟಕ್ಕೆ ಕೂತು ನಾವಿಬ್ಬರೂ ಕೂಗಾಡಿದ್ದು ಅವಳಿಗೆ ಇನ್ನೂ ಅರಗಿಲ್ಲ. ಸರಿ, ಬರೆಯುತ್ತಿದ್ದೇನೆ. ಸಿಟ್ಟು ಮಾತ್ರ ಇಳಿದಿಲ್ಲ.

ನೀನು ಅಂದದ್ದು ನೆನಪಿದೆಯೇ? "ಒಂದೇ ಒಕ್ಕೂಟದ ಎರಡು ರಾಜ್ಯಗಳ ಮಧ್ಯೆ ರೋಗೀನ ಗಾಡಿಯಿಂದ ಗಾಡಿಗೆ ಸಾಗಿಸೋದು ನಗೆಪಾಟಲು ಅಪ್ಪ." ನಗೆಪಾಟಲಂತೆ! ನಿನಗೆ ಗೊತ್ತಿರುವುದೇ, ಆದರೂ ನಿನ್ನ ಆಯೋಗದ ದೊಡ್ಡವರಿಗೆ ಓದಿ ಹೇಳು ಎಂದು ಬಿಡಿಸಿ ಬರೆಯುತ್ತೇನೆ. ಹೊಳೆಯ ಈಚೆ ದಡ ನಮ್ಮ ರಾಜ್ಯ, ಆಚೆ ದಡ ಅವರದು. ಸೇತುವೆಯ ನಟ್ಟನಡುವೆ ಬಿಳಿ ಗೆರೆ. ಆಪರೇಷನ್ ಮಾಡುವ ದೊಡ್ಡಾಸ್ಪತ್ರೆ ಇರುವುದು ಅವರ ಕಡೆ. ಆಂಬುಲೆನ್ಸಿಗೆ ಪರವಾನಗಿ ಕೊಡುವುದು ಆಯಾ ರಾಜ್ಯ, ಆದ್ದರಿಂದ ರೋಗಿಯನ್ನು ಹೊತ್ತ ನನ್ನ ಗಾಡಿ ಆ ಗೆರೆ ದಾಟುವಂತಿಲ್ಲ, ಅವರದು ಈಚೆ ಬರುವಂತಿಲ್ಲ. ಸೇತುವೆ ಒಂದೇ ಗಾಡಿಯ ಅಗಲ. ನಾನು ಈ ತುದಿಯಿಂದ ಹಿಮ್ಮುಖವಾಗಿ ಬರುತ್ತೇನೆ, ಆ ತುದಿಯಿಂದ ಅವರ ಡ್ರೈವರ್ ಮೀಸೆ ಹಿಮ್ಮುಖವಾಗಿ ಬರುತ್ತಾನೆ. ಬೆನ್ನಿಗೆ ಬೆನ್ನು ಮಾಡಿ ನಿಲ್ಲುತ್ತೇವೆ, ಬಾಗಿಲು ತೆರೆಯುತ್ತದೆ, ಸ್ಟ್ರೆಚರ್ ನೆಲಕ್ಕಿಳಿದು ಗೆರೆ ದಾಟುತ್ತದೆ. ಅದರ ಮೇಲೆ ತುಂಬಿದ ಲೋಟ ಇಟ್ಟರೂ ತುಳುಕುವುದಿಲ್ಲ. ರಿವರ್ಸ್ ಗೇರಿನಲ್ಲಿ ಈ ಇಡೀ ಒಕ್ಕೂಟದಲ್ಲಿ ನಮ್ಮಿಬ್ಬರನ್ನು ಮೀರಿಸುವವರು ಇದ್ದರೆ ಕರೆದುಕೊಂಡು ಬಾ, ನೋಡೋಣ.

ಈಗ ನೀನು ಆ ಗೆರೆ ಅಳಿಸಬೇಕು ಅನ್ನುತ್ತೀ. ಅವರ ಬಳಿ ಗಾಡಿಗಳು ರಾಶಿ ಬಿದ್ದಿವೆ. ನಮ್ಮ ಕಡೆ ನನ್ನದೊಂದೇ. "ಅವರ ಗಾಡೀನೇ ಬರುತ್ತಲ್ಲ, ನಿಂದ್ಯಾಕೆ?" ಅಂತ ನಾಳೆ ನಮ್ಮ ಸರ್ಕಾರವೇ ನನ್ನ ಶೆಡ್ಡಿಗೆ ಬೀಗ ಜಡಿಯುತ್ತದೆ. ಆಮೇಲೆ ಈಚೆ ದಡದವನು ಸಾಯುವಾಗಲೂ ಆಚೆ ದಡದವನ ಬಿಡುವು ಕೇಳಬೇಕು. ದೊಡ್ಡವರ ಜೊತೆ ಒಂದೇ ತಟ್ಟೆಯಲ್ಲಿ ಉಂಡರೆ ಚಿಕ್ಕವನಿಗೆ ಸಿಗುವುದು ಬೆರಳು ನೆಕ್ಕುವ ಭಾಗ್ಯ.

ಇನ್ನು ನಿನ್ನ ತಂಗಿಯ ವಿಷಯ. ಫೋನಿನಲ್ಲಿ ಅಮ್ಮ ಅರ್ಧ ಹೇಳಿ ಅರ್ಧ ನುಂಗಿದಳು. ಐದನೇ ತಿಂಗಳ ಸ್ಕ್ಯಾನಿನಲ್ಲಿ ಮಾಸು ಗರ್ಭದ ಬಾಯಿಗೆ ಅಡ್ಡ ಕೂತಿದೆ ಅಂತ ಬಂದಿದೆ. ಬಹಳ ಜನಕ್ಕೆ ತಾನಾಗಿ ಮೇಲೆ ಸರಿಯುತ್ತದಂತೆ. ಸರಿಯದಿದ್ದರೆ ಆಪರೇಷನ್ನೇ ಗತಿ. ನಡುವೆ ರಕ್ತ ಕಂಡರೆ ಮಲಗಿಸಿಕೊಂಡು, ಅಲುಗಿಸದೆ, ಬೇಗ ದೊಡ್ಡಾಸ್ಪತ್ರೆಗೆ ತರಬೇಕು ಅಂದಿದ್ದಾರೆ ಡಾಕ್ಟರು. ಒಂಬತ್ತಕ್ಕೆ ಬಿದ್ದ ಕೂಡಲೇ ಆಚೆ ದಡದಲ್ಲಿ, ಅಳಿಯನ ಕಾರ್ಖಾನೆಯ ಹತ್ತಿರ, ಒಂದು ಕೋಣೆ ಹಿಡಿಯುವುದೆಂದು ಮಾತಾಗಿದೆ. ಅಲ್ಲಿಯ ತನಕ ಏನೂ ಆಗದಿರಲಿ ಅಂತ ನಿನ್ನ ಅಮ್ಮ ಕೂತಲ್ಲಿ ನಿಂತಲ್ಲಿ ಅನ್ನುತ್ತಾಳೆ. ನಾನು ಬಾಯಿ ಬಿಟ್ಟು ಅನ್ನುವುದಿಲ್ಲ, ಅಷ್ಟೇ ವ್ಯತ್ಯಾಸ.

ನಿನ್ನ ಅಪ್ಪ


ಮಾರ್ಚ್ 19

ಅಪ್ಪಾ,

ಕಾಗದ ತಲುಪಿತು. ಅಮ್ಮನ ಕಾನೂನಿಗೆ ನನ್ನ ಸಂಪೂರ್ಣ ಬೆಂಬಲವಿದೆ, ಯಾಕೆಂದರೆ ನೀನು ಬರೆಯುವಾಗ ನಡುವೆ ಬಾಯಿ ಹಾಕುವುದಿಲ್ಲ.

ನನ್ನ ಕೋಣೆ ಹೇಗಿದೆ ಗೊತ್ತೇ? ನಾಲ್ಕು ಮೇಜು, ಅವುಗಳ ಮೇಲೆ ಪ್ರಪಂಚದ ಒಕ್ಕೂಟಗಳೆಲ್ಲ ಹಾಳೆ ಹಾಳೆಯಾಗಿ ಬಿದ್ದಿವೆ. ಫ್ಯಾನು ಹಾಕಿದರೆ ಒಂದು ದೇಶದ ಸಂವಿಧಾನ ಹಾರಿ ಇನ್ನೊಂದರಲ್ಲಿ ಬೆರೆತುಹೋಗುತ್ತದೆ, ಆದ್ದರಿಂದ ಬೆವರುತ್ತಲೇ ಕೆಲಸ. ನಮ್ಮ ಆಯೋಗದ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಏನೇ ಹೇಳಲಿ, ಕನ್ನಡಕದ ಮೇಲಿಂದ ನೋಡಿ "ಅದಿರಲಿ, ಅಲ್ಲಿ ಹೇಗೆ?" ಅನ್ನುತ್ತಾರೆ. ಬೇರೆ ಬೇರೆ ಒಕ್ಕೂಟಗಳು ತಮ್ಮನ್ನು ತಾವು ಹೇಗೆ ಆಳಿಕೊಳ್ಳುತ್ತವೆ ಎಂದು ಹೋಲಿಸಿ ವರದಿ ಕೊಡುವುದು ನಮ್ಮ ಕೆಲಸ. ರಾಜ್ಯಗಳ ಗಡಿ ದಾಟುವ ಸೇವೆಗಳ ಅಧ್ಯಾಯ ನನ್ನ ಪಾಲಿಗೆ ಬಂದಿದೆ. ನಿನ್ನ ಸೇತುವೆಯೂ ಅದರೊಳಗೇ ಬರುತ್ತದೆ.

ಚಿಕ್ಕವರ ಪಾಡೇನು ಅಂತ ಕೇಳಿದೆಯಲ್ಲ, ಕೇಳು. ಒಂದು ಒಕ್ಕೂಟದಲ್ಲಿ ಮೇಲ್ಮನೆಗೆ ಆನೆಯಂಥ ರಾಜ್ಯದಿಂದಲೂ ಇಬ್ಬರೇ, ಅಂಗೈಯಗಲದ ರಾಜ್ಯದಿಂದಲೂ ಇಬ್ಬರೇ. ನೀನು ಅಲ್ಲಿ ಹುಟ್ಟಬೇಕಿತ್ತು. ಇನ್ನೊಂದರಲ್ಲಿ ಮೇಲ್ಮನೆಯಲ್ಲಿ ಕೂರುವುದು ರಾಜ್ಯ ಸರ್ಕಾರಗಳೇ. ದೊಡ್ಡವಕ್ಕೆ ಮತ ಹೆಚ್ಚು, ಆದರೆ ಜನರ ಲೆಕ್ಕ ಹಿಡಿದರೆ ಸಿಗಬೇಕಾದಷ್ಟು ಹೆಚ್ಚಲ್ಲ. ಚಿಕ್ಕವರ ಕಡೆಗೆ ತಕ್ಕಡಿ ಸ್ವಲ್ಪ ಬಾಗಿಸಿಟ್ಟಿದ್ದಾರೆ. ಬೆಟ್ಟಗಳ ನಡುವಿನ ಒಂದು ಒಕ್ಕೂಟದಲ್ಲಿ ಸಂವಿಧಾನದ ಒಂದು ಸಾಲು ಬದಲಿಸಬೇಕಾದರೂ ದೇಶದ ಜನರೂ ಬಹುಮತದಿಂದ ಒಪ್ಪಬೇಕು, ರಾಜ್ಯಗಳೂ ಬಹುಮತದಿಂದ ಒಪ್ಪಬೇಕು. ಯಾರೂ ಗಡಿ ಅಳಿಸಿಲ್ಲ ಅಪ್ಪ. ಆದರೆ ಗಡಿ ಇರುವುದು ಸರ್ಕಾರಗಳಿಗೆ, ರಕ್ತ ಸುರಿಸುತ್ತಿರುವವರಿಗಲ್ಲ. ಹತ್ತಿರದ ಗಾಡಿ ಯಾವುದೋ ಅದು ಹೋಗಲಿ ಎಂದು ನೆರೆಹೊರೆಯ ರಾಜ್ಯಗಳು ಒಪ್ಪಂದ ಮಾಡಿಕೊಂಡದ್ದನ್ನು ನಾನು ಓದುತ್ತಿದ್ದೇನೆ.

ತಂಗಿಯನ್ನು ಈಗಲೇ ಆಚೆ ದಡಕ್ಕೆ ಕಳಿಸಿಬಿಡಬಾರದೇ? ಅವಳ ಸುದ್ದಿ ಕೇಳಿದ ಮೇಲೆ ಸೇತುವೆ ಎಂಬ ಪದ ಹಾಳೆಯಲ್ಲಿ ಕಂಡರೂ ಕೆಲಸ ಬಿಟ್ಟು ಅಮ್ಮನಿಗೆ ಫೋನು ಮಾಡುತ್ತೇನೆ.

ನಿನ್ನ ಪುಟ್ಟಿ


ಏಪ್ರಿಲ್ 14

ಪುಟ್ಟೀ,

ಈಗಲೇ ಹೋಗಲು ಅವಳು ಒಪ್ಪುತ್ತಿಲ್ಲ. ಅಳಿಯನಿಗೆ ಪಾಳಿ ಕೆಲಸ, ಹಗಲೆಲ್ಲ ಕೋಣೆಯಲ್ಲಿ ಒಬ್ಬಳೇ ಗೋಡೆ ನೋಡುತ್ತಾ ಕೂರಬೇಕು. "ಅಮ್ಮ ಇಲ್ಲದ ಕಡೆ ಇನ್ನೂ ಹೆದ್ರಿಕೆ ಆಗುತ್ತೆ" ಅನ್ನುತ್ತಾಳೆ. ಅದೂ ನಿಜವೇ.

ನೀನು ಬರೆದ ಒಕ್ಕೂಟಗಳನ್ನು ಮೀಸೆಗೂ ಓದಿ ಹೇಳಿದೆ. ಅಂಗೈಯಗಲದ ರಾಜ್ಯಕ್ಕೂ ಇಬ್ಬರು ಅಂದದ್ದು ಕೇಳಿ ಅವನು, "ಅನ್ಯಾಯ! ನಮ್ಮ ಕಡೆ ಒಂದೊಂದು ಬೀದೀಲೂ ನಿಮ್ಮ ರಾಜ್ಯದಷ್ಟು ಜನ ಇದಾರೆ" ಅಂದ. ನೋಡಿದೆಯಾ? ಗೆಳೆಯನೇ ಆದರೂ ಒಳಗೊಳಗೆ ದೊಡ್ಡ ರಾಜ್ಯದವನೇ.

ನಿನ್ನ ಒಪ್ಪಂದದ ಮಾತಿಗೆ ಒಂದೇ ಉತ್ತರ: ನಮ್ಮ ಅಗ್ನಿಶಾಮಕ ಠಾಣೆ. ನೀನು ಆಗ ಹಾಸ್ಟೆಲಿನಲ್ಲಿದ್ದೆ. ಅವರ ಬೆಂಕಿ ಗಾಡಿ ಸೇತುವೆ ದಾಟಬಹುದು ಎಂದು ಎರಡೂ ಸರ್ಕಾರಗಳು ಕೈ ಕುಲುಕಿದವು, ಹಾರ ಹಾಕಿಕೊಂಡವು. ಮರುವರ್ಷ ನಮ್ಮ ಠಾಣೆ ಮುಚ್ಚಿತು. ಅದರ ಹಿಂದೆಯೇ ಮರದ ಮಿಲ್ಲಿಗೆ ಬೆಂಕಿ ಬಿತ್ತು. ಅವರ ಗಾಡಿ ಅವರ ಊರಿನ ಬೆಂಕಿ ಆರಿಸಲು ಹೋಗಿತ್ತು, ತಪ್ಪೂ ಅಲ್ಲ. ನಾವು ಬಕೆಟ್ ಹಿಡಿದು ನಿಂತಿದ್ದೆವು. ಮಿಲ್ಲಿನ ಕಾವಲುಗಾರ ಬದುಕಲಿಲ್ಲ. ಅವನನ್ನು ಸಾಗಿಸಿದವನು ನಾನು. ಇದನ್ನು ನಿನ್ನ ಅಧ್ಯಕ್ಷರಿಗೆ ಹೇಳು. "ಅದಿರಲಿ, ಅಲ್ಲಿ ಹೇಗೆ?" ಅನ್ನುವ ಮೊದಲು ಇಲ್ಲಿ ಹೇಗೆ ಅಂತ ತಿಳಿಯಲಿ.

ನಿನ್ನ ಅಪ್ಪ

(ಕಾಗದದ ಅಂಚಿನಲ್ಲಿ, ಅಮ್ಮನ ಅಕ್ಷರದಲ್ಲಿ:) ನಿಮ್ಮಪ್ಪನೂ ಆ ಮೀಸೆಯೂ ಭಾನುವಾರ ಬಂದರೆ ಸೇತುವೆಯ ಮೇಲೆ ಖಾಲಿ ಸ್ಟ್ರೆಚರ್ ಅತ್ತಿಂದಿತ್ತ ಎಳೆದಾಡುತ್ತಾರೆ. ಮಗಳಿಗೋಸ್ಕರ ಅಭ್ಯಾಸವಂತೆ. ಊರಿನವರು ಗಾಡಿ ನಿಲ್ಲಿಸಿ ನೋಡಿ ನಗುತ್ತಾರೆ. ನಿನ್ನ ತಂಗಿ ಚೆನ್ನಾಗಿದ್ದಾಳೆ, ಹುಳಿ ಬಿಟ್ಟು ಬೇರೇನೂ ತಿನ್ನುವುದಿಲ್ಲ.


ಮೇ 21

ಪುಟ್ಟೀ,

ಇವತ್ತು ವಾದ ಇಲ್ಲ.

ಎರಡನೇ ಸ್ಕ್ಯಾನ್ ಆಯಿತು. ಮಾಸು ಸರಿದಿಲ್ಲ, ಇದ್ದಲ್ಲೇ ಇದೆ. ಡಾಕ್ಟರು ಮೆಟ್ಟಿಲು ಹತ್ತಬೇಡ, ಭಾರ ಎತ್ತಬೇಡ ಅಂದಿದ್ದಾರೆ. ಅವಳು ಮಲಗಿಕೊಂಡೇ ಎಲ್ಲರಿಗೂ ಆರ್ಡರ್ ಹೊಡೆಯುತ್ತಿದ್ದಾಳೆ, ಹಾಗಾಗಿ ಧೈರ್ಯವಾಗಿದ್ದಾಳೆ ಅಂತ ಲೆಕ್ಕ.

ಮೊನ್ನೆ ಭಾನುವಾರ ಒಂದು ಹೊಸ ಕೆಲಸ ಮಾಡಿದೆ. ಖಾಲಿ ಸ್ಟ್ರೆಚರ್ ಎಳೆದರೆ ಅಭ್ಯಾಸ ಹೇಗಾದೀತು ಅಂತ ನಾನೇ ಅದರ ಮೇಲೆ ಮಲಗಿದೆ. ಎಳೆದವರು ಮೀಸೆ ಮತ್ತು ನಮ್ಮ ಗಾಡಿಯ ನರ್ಸಮ್ಮ. ಇಷ್ಟು ವರ್ಷ ನಾನು ಎಳೆದವನೇ ಹೊರತು ಮಲಗಿದವನಲ್ಲ. ಗೆರೆಯ ಪಕ್ಕದಲ್ಲೇ ಸೇತುವೆಯ ಎರಡು ತುಂಡು ಕೂಡುವ ಕಡೆ ಒಂದು ಕಬ್ಬಿಣದ ಪಟ್ಟಿ ಇದೆ. ಸ್ಟ್ರೆಚರಿನ ಪುಟ್ಟ ಗಾಲಿ ಅದರ ಮೇಲೆ ಹತ್ತಿ ಇಳಿದಾಗ ಹೊಟ್ಟೆಯ ಒಳಗಿನ ತನಕ ಧಡ್ ಅಂತು. ಇನ್ನೊಮ್ಮೆ ಎಳೆಯಿರಿ ಅಂದೆ, ಇನ್ನೂ ನಿಧಾನ ಅಂದೆ. ಎಷ್ಟು ಸಲ ಮಾಡಿದರೂ ಅಷ್ಟೇ.

ಮೀಸೆ "ಏನಾಯ್ತೋ?" ಅಂದ. ಏನಿಲ್ಲ, ಬಿಸಿಲು ಕಣ್ಣಿಗೆ ಹೊಡೀತು ಅಂದೆ.

ನಿನ್ನ ಅಪ್ಪ


ಜೂನ್ 17

ಅಪ್ಪಾ,

ಇಷ್ಟು ದಿನ ಬರೆಯದೆ ಕೂತದ್ದಕ್ಕೆ ಬೈಯಬೇಡ. ನಿನ್ನ ಅಗ್ನಿಶಾಮಕ ಠಾಣೆ ನನ್ನನ್ನು ಹಿಡಿದುಕೊಂಡಿತು. ಹಳೆಯ ಕಡತಗಳನ್ನು ತರಿಸಿ ಓದಿದೆ. ನೀನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅಷ್ಟಕ್ಕೇ ನಿಲ್ಲದೆ ಬೇರೆ ಕಡೆಯೂ ಹುಡುಕಿದೆ. ಒಪ್ಪಂದ ಆದ ಮೇಲೆ ಚಿಕ್ಕ ರಾಜ್ಯ ತನ್ನ ಸೇವೆಯನ್ನು ತಾನೇ ಕಡಿಮೆ ಮಾಡಿಕೊಂಡು ಕೈ ಸುಟ್ಟುಕೊಂಡ ಕಥೆ ಅಲ್ಲೂ ಇದೆ, ಇಲ್ಲೂ ಇದೆ. ದೊಡ್ಡವರು ಕಿತ್ತುಕೊಳ್ಳಬೇಕಾಗಿಯೇ ಇಲ್ಲ, ಚಿಕ್ಕವರೇ ಉಳಿತಾಯ ಅಂತ ಬಿಟ್ಟುಕೊಡುತ್ತಾರೆ.

ಆದ್ದರಿಂದ ನೀನು ಗೆದ್ದೆ. ಗೆರೆ ಇರಲಿ, ರೋಗಿಯನ್ನು ಗೆರೆಯ ಮೇಲೇ ದಾಟಿಸುವ ಪದ್ಧತಿ ಮುಂದುವರಿಯಲಿ, ಅದಕ್ಕೆ ಒಳ್ಳೆಯ ಸಲಕರಣೆ ಕೊಡಲಿ ಎಂದು ಅಧ್ಯಾಯ ಮುಗಿಸಿ ಈಗಷ್ಟೇ ಅಧ್ಯಕ್ಷರ ಕೈಗೆ ಕೊಟ್ಟು ಬಂದೆ. ನನ್ನ ಅಪ್ಪನ ಮಾತು ಒಕ್ಕೂಟದ ವರದಿಯಲ್ಲಿ ಅಚ್ಚಾಗುತ್ತದೆ. ಈ ಕಾಗದ ಓದಿ ಮೀಸೆಯ ಮುಂದೆ ಬಹಳ ಜಂಬ ಕೊಚ್ಚಬೇಡ.

ತಂಗಿ ಮುಂದಿನ ವಾರ ಆಚೆ ದಡಕ್ಕೆ ಹೋಗುತ್ತಾಳಲ್ಲ, ಹೋದ ಕೂಡಲೇ ಫೋನು ಮಾಡಿಸು.

ನಿನ್ನ ಪುಟ್ಟಿ


ಜೂನ್ 20, ದೊಡ್ಡಾಸ್ಪತ್ರೆ

ಪುಟ್ಟೀ,

ಇಬ್ಬರೂ ಕ್ಷೇಮ ಅಂತ ಅಮ್ಮ ಫೋನಿನಲ್ಲಿ ಹೇಳಿದ್ದಾಳೆ. ಹೇಗೆ ಕ್ಷೇಮವಾದರು ಅನ್ನುವುದನ್ನು ನಾನು ಬರೆಯಬೇಕಂತೆ, ಅದರಲ್ಲಿ ರಾಜ್ಯ, ಒಕ್ಕೂಟ ಎಲ್ಲ ಬರುವುದರಿಂದ ಫೋನಿನಲ್ಲಿ ಹೇಳುವಂತಿಲ್ಲ. ಕಾನೂನು ಅಂದರೆ ಕಾನೂನು.

ಹದಿನೇಳರ ಮಧ್ಯಾಹ್ನ ಊಟ ಮುಗಿಸಿ ಎದ್ದವಳು ಬಚ್ಚಲುಮನೆಯಿಂದ ಅಮ್ಮನನ್ನು ಕೂಗಿದಳು. ಆ ಕೂಗಿನಲ್ಲೇ ಗೊತ್ತಾಯಿತು. ರಕ್ತ. ಗಾಡಿಯನ್ನು ಮನೆಯ ಬಾಗಿಲಿಗೆ ತಂದೆ, ನರ್ಸಮ್ಮ ಅದರಲ್ಲಿ ಮಲಗಿಸಿ ಡ್ರಿಪ್ ಹಾಕಿದಳು, ಅಮ್ಮ ಹಿಂದೆ ಹತ್ತಿದಳು. ನಾನು ಮೀಸೆಗೆ ಫೋನು ಮಾಡಿ "ಗೆರೆಗೆ ಬಾ" ಅಂದೆ. ಅವನು "ಬಂದೆ" ಅಂದ. ಅಷ್ಟೇ ಮಾತು.

ಸೇತುವೆಯ ತುದಿಯಲ್ಲಿ ಗಾಡಿ ತಿರುಗಿಸುವ ಜಾಗ ಇದೆಯಲ್ಲ, ಅಲ್ಲಿಗೆ ಬಂದೆ. ತಿರುಗಿಸಿ ಹಿಮ್ಮುಖವಾಗಿ ಹೋಗಬೇಕು. ಕೈ ಸ್ಟೀರಿಂಗ್ ಮೇಲೆ ಹಾಗೇ ನಿಂತಿತು. ನನಗೆ ಆ ಕಬ್ಬಿಣದ ಪಟ್ಟಿ ಬಿಟ್ಟರೆ ಬೇರೇನೂ ಕಾಣಲಿಲ್ಲ. ಪರವಾನಗಿ ಹೋದರೆ ಹೋಗಲಿ, ನಮ್ಮ ರಾಜ್ಯದ ಮಾನ ಹೋದರೂ ಹೋಗಲಿ, ಇವಳನ್ನು ಇಳಿಸುವುದೂ ಇಲ್ಲ, ಏರಿಸುವುದೂ ಇಲ್ಲ ಅಂದುಕೊಂಡು ನೆಟ್ಟಗೆ ಸೇತುವೆಗೆ ಬಿಟ್ಟೆ.

ನಡುವಿಗೆ ಇನ್ನೂ ಸ್ವಲ್ಪ ದೂರ ಇರುವಾಗ ಎದುರಿಗೆ ಮೀಸೆಯ ಗಾಡಿ. ಪುಟ್ಟೀ, ಸೇತುವೆಯ ಮೇಲೆ ನಾನು ಅವನ ಗಾಡಿಯ ಹಿಂಬಾಗಿಲು ನೋಡಿದವನೇ ಹೊರತು ಮುಖ ನೋಡಿದವನಲ್ಲ. ಆವತ್ತು ಮುಖ ಕಂಡಿತು. ಅದೂ ಗೆರೆ ದಾಟಿ, ನಮ್ಮ ರಾಜ್ಯದ ಒಳಗೆ! ಆ ಪುಣ್ಯಾತ್ಮ ಗಾಡಿ ಬದಲಾಯಿಸುವುದೇ ಬೇಡ ಅಂತ ನಮ್ಮ ಮನೆಯ ಬಾಗಿಲಿಂದಲೇ ಅವಳನ್ನು ಕರೆದೊಯ್ಯಲು ನೆಟ್ಟಗೆ ಹೊರಟು ಬಂದಿದ್ದ. ನಾನು ಅವನಿಗೆ ಹೇಳಿರಲಿಲ್ಲ, ಅವನು ನನಗೆ ಹೇಳಿರಲಿಲ್ಲ. ಇಬ್ಬರೂ ಒಂದೇ ತಪ್ಪು ಮಾಡಿ ಒಬ್ಬರಿಗೊಬ್ಬರು ಅಡ್ಡ ನಿಂತೆವು. ಒಂದೇ ಗಾಡಿಯ ಅಗಲದ ಸೇತುವೆ, ಮೂತಿಗೆ ಮೂತಿ.

ಅವನು ಕಿಟಕಿಯಿಂದ ತಲೆ ಹಾಕಿ "ನೀನ್ಯಾಕೋ ನೆಟ್ಟಗೆ ಬಂದೆ?" ಅಂದ. "ನೀನ್ಯಾಕೋ ಬಂದೆ?" ಅಂದೆ. ಹಿಂದಿನಿಂದ ನಿನ್ನ ಅಮ್ಮ, "ಇಬ್ರೂ ಆಮೇಲೆ ಕೂತು ವಿಚಾರಿಸ್ಕೊಳ್ರೋ, ಈಗ ಗಾಡಿ ಓಡ್ಸಿ!" ಅಂತ ಕಿರುಚಿದಳು.

ಮೀಸೆ ರಿವರ್ಸ್ ಹಾಕಿದ. ಸೈರನ್ ಕೂಗಿಸುತ್ತಾ, ಕನ್ನಡಿ ನೋಡುತ್ತಾ, ಗೆರೆ ದಾಟಿ ಆಚೆ ದಡದ ತನಕ ಹಿಂದಕ್ಕೆ ಹಿಂದಕ್ಕೆ ಹೋದ. ಅವನ ಮೂತಿಗೂ ನನ್ನ ಮೂತಿಗೂ ನಡುವೆ ಒಂದು ಮೊಳ. ನಾನು ಅವನ ಮುಖವನ್ನೇ ನೋಡುತ್ತಾ ಮುಂದಕ್ಕೆ. ಕಬ್ಬಿಣದ ಪಟ್ಟಿಯನ್ನು ಗಾಡಿಯ ದೊಡ್ಡ ಚಕ್ರಗಳು ಮೆತ್ತಗೆ ದಾಟಿದವು. ದಡ ಸಿಕ್ಕಿದ ಕೂಡಲೇ ಅವನು ಗರಕ್ಕನೆ ತಿರುಗಿಸಿಕೊಂಡು ದಾರಿ ಬಿಡಿಸುತ್ತಾ ಮುಂದೆ ಹೋದ. ಆಸ್ಪತ್ರೆಯ ಬಾಗಿಲಲ್ಲಿ ಯಾರೂ ಯಾವ ರಾಜ್ಯ ಅಂತ ಕೇಳಲಿಲ್ಲ. ಕೇಳಿದ್ದು ರಕ್ತದ ಗುಂಪು ಯಾವುದು ಅಂತ.

ಸಂಜೆ ಡಾಕ್ಟರಮ್ಮ ಹೊರಗೆ ಬಂದು, "ತಾಯಿ ಕ್ಷೇಮ. ಹೆಣ್ಣು ಮಗು, ಸ್ವಲ್ಪ ಸಣ್ಣದು, ಗಂಟಲು ಮಾತ್ರ ದೊಡ್ಡದು" ಅಂದರು. ಹೋದ ಜೀವ ಬಂದ ಹಾಗಾಯಿತು. ನಾನು ಅಲ್ಲೇ ಅತ್ತುಬಿಟ್ಟೆ. ಮೀಸೆ ನನಗಿಂತ ಜೋರಾಗಿ ಅತ್ತ. ನರ್ಸುಗಳು ಅವನನ್ನೇ ಅಜ್ಜ ಅಂದುಕೊಂಡು ಮಗುವನ್ನು ಮೊದಲು ಅವನಿಗೆ ತೋರಿಸಿದರು, ನೋಡು ನನ್ನ ಹಣೆಬರಹ. ಅಳಿಯ ಕಾರ್ಖಾನೆಯ ಬಟ್ಟೆಯಲ್ಲೇ ಓಡಿ ಬಂದ. ನಿನ್ನ ತಂಗಿ ಎಚ್ಚರವಾಗಿ ಕೇಳಿದ ಮೊದಲ ಮಾತು, "ಅಪ್ಪ, ನಿನ್ನ ಕೆಲಸ ಹೋಯ್ತಾ?"

ಇವತ್ತು ಅಮ್ಮ ಬಟ್ಟೆ ತರಲು ಮನೆಗೆ ಹೋದವಳು ನಿನ್ನ ಕಾಗದ ತಂದಳು. "ನೀನು ಗೆದ್ದೆ, ಗೆರೆ ಇರಲಿ" ಎಂದು ಓದಿ ವಾರ್ಡಿನಲ್ಲಿ ಎಷ್ಟು ನಕ್ಕೆನೆಂದರೆ ನರ್ಸು ಹೊರಗೆ ದಬ್ಬಿದಳು. ನಾನು ನಿನ್ನ ಕಡೆಗೆ ಹೊರಟೆ, ನೀನು ನನ್ನ ಕಡೆಗೆ ಹೊರಟೆ. ಈಗ ನಮ್ಮಿಬ್ಬರಲ್ಲಿ ರಿವರ್ಸ್ ಹಾಕುವವರು ಯಾರು?

ನಿನ್ನ ಅಪ್ಪ


ಜುಲೈ 2

ಅಪ್ಪಾ,

ನಾನೇ ಹಾಕಿದೆ.

ಆವತ್ತು ಅಮ್ಮ ಗಾಡಿಯಿಂದಲೇ ಫೋನು ಮಾಡಿ "ರಕ್ತ ಕಾಣಿಸ್ಕೊಂಡಿದೆ, ಹೊರಟಿದೀವಿ" ಅಂದಳು. ಆಮೇಲೆ ಸಂಜೆಯ ತನಕ ಸುದ್ದಿಯಿಲ್ಲ. ಆ ಮಧ್ಯಾಹ್ನವಿಡೀ ನನ್ನ ಕಣ್ಣಿಗೆ ಕಂಡದ್ದು ಒಂದೇ: ಬೆಳಿಗ್ಗೆ ನಾನು ಇರಲಿ ಎಂದು ಬರೆದುಕೊಟ್ಟ ಗೆರೆಯ ಮೇಲೆ ನನ್ನ ತಂಗಿಯನ್ನು ಇಳಿಸುತ್ತಿದ್ದಾರೆ. ಕೋಣೆಯಲ್ಲಿ ಕೂರಲಾಗದೆ ವರಾಂಡದ ಬೆಂಚಿನ ಮೇಲೆ ಕೂತು ಅತ್ತೆ, ಯಾರು ನೋಡುತ್ತಾರೆಂಬ ಪರಿವೆಯೂ ಇಲ್ಲದೆ. ಅಧ್ಯಕ್ಷರು ಬಂದು ಪಕ್ಕದಲ್ಲಿ ಕೂತರು. "ಅದಿರಲಿ, ಮನೇಲಿ ಹೇಗೆ?" ಅಂದರು. ಎಲ್ಲ ಹೇಳಿದೆ. ಅಮ್ಮನ ಎರಡನೇ ಫೋನು ಬರುವ ತನಕ ಅವರು ಎದ್ದು ಹೋಗಲಿಲ್ಲ. ಬಂದ ಮೇಲೆ ನನ್ನ ಅಧ್ಯಾಯವನ್ನು ಕಂಕುಳಿಂದ ತೆಗೆದು ನನ್ನ ತೊಡೆಯ ಮೇಲಿಟ್ಟು, "ಇದನ್ನ ನಾಳೆ ಇನ್ನೊಂದ್ಸಲ ನೋಡಮ್ಮ" ಅಂದರು.

ನೋಡಿದೆ. ನಾನು ಗೆರೆಯನ್ನು ಉಳಿಸಿದ್ದು ಅರ್ಧ ನಿನ್ನ ವಾದಕ್ಕೆ, ಇನ್ನರ್ಧ ನಿನಗೆ ಖುಷಿಯಾಗಲಿ ಅಂತ. ಈಗ ಹೀಗೆ ಬರೆದಿದ್ದೇನೆ: ಹತ್ತಿರದ ಗಾಡಿ ಯಾವುದೋ ಅದು ಹೋಗಲಿ, ಹೊತ್ತ ರೋಗಿಯನ್ನು ನಡುದಾರಿಯಲ್ಲಿ ಇಳಿಸದಿರಲಿ. ಇದಕ್ಕೆ ಕೇಂದ್ರದ ಕಾಯಿದೆಯನ್ನು ಕಾಯಬೇಕಿಲ್ಲ, ಎಷ್ಟೋ ಒಕ್ಕೂಟಗಳಲ್ಲಿ ನೆರೆಯ ರಾಜ್ಯಗಳು ತಮ್ಮತಮ್ಮಲ್ಲೇ ಒಡಂಬಡಿಕೆ ಮಾಡಿಕೊಳ್ಳುತ್ತವೆ. ಆದರೆ ಇನ್ನೊಬ್ಬರ ಗಾಡಿ ಬರುತ್ತದೆಂಬ ಕಾರಣಕ್ಕೆ ಯಾವ ರಾಜ್ಯವೂ ತನ್ನ ಗಾಡಿಯನ್ನು, ಠಾಣೆಯನ್ನು, ಸಿಬ್ಬಂದಿಯನ್ನು ಕಡಿಮೆ ಮಾಡುವಂತಿಲ್ಲ. ಮಾಡಿದರೆ ಒಡಂಬಡಿಕೆಯೇ ರದ್ದು. ಮೊದಲಿನ ಮಾತು ನನ್ನದು, ಕೊನೆಯ ಮಾತು ನಿನ್ನದು. ನಮ್ಮಿಬ್ಬರಲ್ಲಿ ಒಬ್ಬರೇ ಬರೆದಿದ್ದರೆ ಅಧ್ಯಾಯ ಕುಂಟುತ್ತಿತ್ತು.

ಅಪ್ಪ, ಗೆರೆ ದಾಟಿದ್ದಕ್ಕೆ ನಿನಗೆ ನೋಟಿಸ್ ಬಂದಿದೆಯಂತೆ. ಅದರ ಬಗ್ಗೆ ನೀನು ಒಂದಕ್ಷರ ಬರೆದಿಲ್ಲ. ಬರೆ.

ನಿನ್ನ ಪುಟ್ಟಿ


ಸೆಪ್ಟೆಂಬರ್ 15

ಪುಟ್ಟೀ,

ನೋಟಿಸಿನ ಬಗ್ಗೆ ಬರೆಯದೆ ಇದ್ದದ್ದು ಹೆದರಿಕೆಗೆ. ಈಗ ಹೆದರಿಕೆ ಮುಗಿಯಿತು, ಕೇಳು. ನನಗೆ ನೋಟಿಸ್ ಕೊಟ್ಟದ್ದು ಆಚೆಯ ಸರ್ಕಾರ, ಮೀಸೆಗೆ ಕೊಟ್ಟದ್ದು ನಮ್ಮದು. ನಮ್ಮ ಸರ್ಕಾರ ಆಚೆಯವರಿಗೆ, "ನಿಮ್ಮ ಗಾಡಿ ಅಪ್ಪಣೆಯಿಲ್ಲದೆ ನಮ್ಮ ನೆಲಕ್ಕೆ ನುಗ್ಗಿತು, ನಮ್ಮ ಡ್ರೈವರ್ ಮಾತ್ರ ಮಾನವೀಯತೆ ಮೆರೆದ" ಎಂದು ಬರೆಯಿತು. ಅವರು ನಮಗೆ, "ನುಗ್ಗಿದ್ದು ನಿಮ್ಮದು, ಮೆರೆದದ್ದು ನಮ್ಮವ" ಎಂದು ಬರೆದರು. ಎರಡನ್ನೂ ಎದುರಿಗಿಟ್ಟು ಓದಿದ ಯಾವನೋ ಬುದ್ಧಿವಂತ ಅಧಿಕಾರಿಗೆ ಒಬ್ಬರನ್ನು ಶಿಕ್ಷಿಸಿದರೆ ಇನ್ನೊಬ್ಬರನ್ನೂ ಶಿಕ್ಷಿಸಬೇಕಾಗುತ್ತದೆ ಎಂದು ಹೊಳೆಯಿತು. ಎರಡೂ ನೋಟಿಸ್ ವಾಪಸ್. ಮೀಸೆ ತನ್ನದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆದಿದ್ದಾನೆ.

ಎರಡು ರಾಜ್ಯಗಳೂ ಹೋದ ವಾರ ಒಡಂಬಡಿಕೆಗೆ ಸಹಿ ಹಾಕಿದವು. ಕಡಿಮೆ ಮಾಡುವಂತಿಲ್ಲ ಎಂಬ ಸಾಲು ಇದೆಯೋ ಇಲ್ಲವೋ ಎಂದು ನಾನು ಬೆರಳಿಟ್ಟು ಓದಿದೆ. ಇದೆ. ನನ್ನ ಶೆಡ್ಡಿಗೆ ಎರಡನೇ ಗಾಡಿಯನ್ನೂ ಕೊಡುತ್ತಾರಂತೆ, ಬಂದಾಗ ನಂಬುತ್ತೇನೆ.

ಮೊಮ್ಮಗಳು ಮೈಕೈ ತುಂಬಿಕೊಂಡಿದ್ದಾಳೆ. ಜನನ ಪತ್ರ ಆಚೆ ರಾಜ್ಯದ್ದು, ಮಲಗುವುದು ಈಚೆ ರಾಜ್ಯದಲ್ಲಿ. ನಿನ್ನ ಯಾವ ಒಕ್ಕೂಟದಲ್ಲೂ ಚಿಕ್ಕವರಿಗೆ ಇಷ್ಟು ಅಧಿಕಾರ ಇರಲಿಕ್ಕಿಲ್ಲ. ಅವಳು ಬಾಯಿ ತೆರೆದರೆ ಸಭೆ ಬರಖಾಸ್ತು.

ನಿನ್ನೆ ಬೆಳಿಗ್ಗೆ ಹೊಸ ಒಡಂಬಡಿಕೆಯ ಮೊದಲ ಕರೆ ಬಂತು. ಆಚೆ ದಡದ ಒಂದು ಮನೆ. ಮೀಸೆಯ ಗಾಡಿ ಊರಾಚೆ ಹೋಗಿತ್ತು, ಹತ್ತಿರದ್ದು ನನ್ನದು. ಸೇತುವೆಯ ಮೇಲೆ ನಿಲ್ಲದೆ ಹೋದೆ. ಹೆರಿಗೆ ನೋವಿನ ಹುಡುಗಿ, ಜೊತೆಗೆ ಅವಳ ತಾಯಿ. ಗಾಡಿ ಹೊರಟ ಮೇಲೆ ಆ ತಾಯಿ ಬಾಗಿಲ ಮೇಲಿನ ನಮ್ಮ ರಾಜ್ಯದ ಮುದ್ರೆ ನೆನಪಾಗಿ ಗಾಬರಿಯಾದರು. ಒಂದೇ ಸಮ ಕೇಳತೊಡಗಿದರು. "ಇದು ಆ ಕಡೆ ಗಾಡಿ ಅಲ್ವಾ ಸ್ವಾಮಿ? ನಾವು ಈ ಕಡೆಯವರು. ಆಸ್ಪತ್ರೇಲಿ ಏನಾದ್ರೂ ಅಂದ್ರೆ? ನಡುದಾರೀಲಿ ಇಳಿಸ್ಬಿಟ್ರೆ?"

"ಯಾರೂ ಇಳಿಸಲ್ಲಮ್ಮ" ಅಂದೆ. "ಅದನ್ನೆಲ್ಲ ನಾನು ನೋಡ್ಕೋತೀನಿ. ನೀವು ಮಗಳ ಕೈ ಹಿಡ್ಕೊಳ್ಳಿ."

ಕನ್ನಡಿಯಲ್ಲಿ ನೋಡಿದೆ. ಹಿಡಿದುಕೊಂಡರು.

ನಿನ್ನ ಅಪ್ಪ